ಎರಡು ಡಿಗ್ರಿ

ಬ್ಯಾಲರಾಟಿನ ಜುಲೈ ಚಳಿ
ಮೊದಲು ಗೊತ್ತಾಗುವುದು ಕಬ್ಬಿಣದಲ್ಲಿ.
ಏಟು ಚೆಂಡಿನ ನೆತ್ತಿಗೆ ತಾಗಿದರೆ ಸಾಕು,
ಬೆರಳಿಂದ ಮೊಣಕೈತನಕ ಜುಂ ಎಂದು
ಚೇಳು ಹತ್ತಿ ಇಳಿಯುತ್ತದೆ.
ಹನ್ನೊಂದು ವರ್ಷ ಕುಟುಕಿಸಿಕೊಂಡು
ಈ ಮಂಗಳವಾರ ಹೊಲಿಗೆಯಂಗಡಿ ಬೇಗ ಮುಚ್ಚಿ
ಟೈರ್ ಗೋದಾಮಿನ ಹಿಂದಿನ ಶೆಡ್ಡಿಗೆ ಹೋದೆ,
ಹೊಸ ಐರನ್ ಸೆಟ್ ನೋಡಲು.
ನೋಡಲು ಮಾತ್ರ, ಎಂದು ಪರ್ಸಿಗೆ ಹೇಳಿದ್ದೆ.

ಗೋಡೆಯುದ್ದಕ್ಕೂ ನಿಂತಿದ್ದವು:
ಕೊಕ್ಕರೆ ಕೊಕ್ಕಿನಂಥ ತೆಳ್ಳನೆಯವು, ಹೆಮ್ಮೆಯವರಿಗೆ;
ತಳ ದಪ್ಪಗಿನವು, ನನ್ನಂಥವರಿಗೆ.
ಚೀಟಿಯಲ್ಲಿ ಬರೆದೇ ಇತ್ತು, 'ತಪ್ಪು ಕ್ಷಮಿಸುವ ಐರನ್' ಎಂದು.
ಎಷ್ಟು ಗಜದವರೆಗೆ ಎಂದು ಬರೆದಿರಲಿಲ್ಲ.

ಅಳತೆಯವಳು ನೆರಿಡಾ.
ಕಿವಿಯ ಮೇಲೆ ಪೆನ್ಸಿಲ್, ಥೇಟ್ ನನ್ನ ಹಾಗೆ.
ಮೊದಲು ನನ್ನ ಹಳೆಯ ಏಳನೇ ನಂಬರನ್ನು ಕೇಳಿದಳು,
ತಿರುಗಿಸಿ ನೋಡಿ, "ಇದು ಯಾರದು?" ಅಂದಳು.

ಗ್ಲೆನಿಸಳ ಗಂಡ ಮರ್ವಿನ್‌ನದು. ಆರಡಿ ಎರಡಂಗುಲದ ಆಳು.
ಅವನು ಹೋದ ವರ್ಷ ಗ್ಲೆನಿಸ್ ಗ್ಯಾರೇಜಿನಲ್ಲಿ ಕೂತು
ಗರಗಸದಿಂದ ಒಂದೊಂದನ್ನೂ ನನ್ನ ಸೊಂಟಕ್ಕೆ ಇಳಿಸಿ
"ತಗೋ ಅಂಬಾ, ಇನ್ನು ಸರಿಹೋದೀತು" ಎಂದಿದ್ದಳು.
ಉದ್ದ ಕತ್ತರಿಸಿದಳು.
ಓರೆಯನ್ನು ಹೇಗೆ ಕತ್ತರಿಸಿಯಾಳು?

ನೆರಿಡಾ ಕೋಲಿನ ಅಡಿಗೆ ನೀಲಿ ಟೇಪು ಅಂಟಿಸಿ
ಕರಿ ಹಲಗೆಯ ಮೇಲಿಂದ ಹೊಡೆಸಿದಳು.
ಸವೆದದ್ದು ಹಿಮ್ಮಡಿಯಲ್ಲಿ.
ಕೋಲಿಗೂ ಹಿಮ್ಮಡಿ ಇದೆ, ಅದೂ ಚಪ್ಪಲಿಯ ಹಾಗೆ
ನಡೆದವರ ಚಾಡಿ ಹೇಳುತ್ತದೆ.
"ಚೆಂಡು ಎಡಕ್ಕೆ ಹೋಗುತ್ತಾ?"
ಎಡಕ್ಕೇ! ಕಾಲುವೆಗೆ, ಬೇಲಿಯಾಚೆಗೆ,
ಒಮ್ಮೆ ಪಾದ್ರಿಯ ಕಾರಿನ ಗಾಜಿಗೆ.
ಕುಣಿಯಲಾರದವಳು ನೆಲ ಡೊಂಕು ಎಂದಳಂತೆ:
ಅವ್ವನ ಈ ಮಾತಿಗೆ ಹೆದರಿ
ಎಷ್ಟು ಗುರುವಾರ ಬಾಯಿ ಹೊಲಿದುಕೊಂಡು ನಡೆದಿಲ್ಲ!
ನೆರಿಡಾ ಕೋನ ಅಳೆದು, ಪೆನ್ಸಿಲ್ ತೆಗೆದು,
"ಎರಡು ಡಿಗ್ರಿ" ಎಂದು ಬರೆದುಕೊಂಡಳು.

ನೆಲ ಡೊಂಕೇ ಇತ್ತು, ಅವ್ವಾ.

ಮೂವತ್ತು ವರ್ಷ ಈ ಊರಿನ ಮೈಗಳಿಗೆ ಬಟ್ಟೆ ಕೂರಿಸಿದ್ದೇನೆ.
ಒಂದು ಹೆಗಲು ಇಳಿದ ವಕೀಲ,
ಹೊಟ್ಟೆ ಮುಂದೆ ಬಂದ ಮದುಮಗಳು,
ಕನ್ನಡಿ ಮುಂದೆ ಮುಖ ತಗ್ಗಿಸಿದ ಎಲ್ಲರಿಗೂ
ಗುಂಡುಪಿನ್ನು ಕಚ್ಚಿದ ಬಾಯಲ್ಲೇ ಹೇಳಿದ್ದೇನೆ,
ತಪ್ಪು ನಿಮ್ಮದಲ್ಲ, ಅಂಗಿಯದು.
ನನಗೆ ಯಾರೂ ಹೇಳಿರಲಿಲ್ಲ.

ಹಳೆಯದನ್ನೇ ಬಗ್ಗಿಸಲಾಗದೇ ಎಂದು ಕೇಳಿದೆ.
ಎರಕದ್ದು, ಮುರಿದೀತು, ಅಂದಳು.
ಹೊಸದಕ್ಕೆ ಸಾವಿರದ ಎಂಟುನೂರ ತೊಂಬತ್ತು ಡಾಲರ್.
ಅಂಚು ಮಡಿಚುವುದಕ್ಕೆ ಇಪ್ಪತ್ತೆರಡರಂತೆ
ಎಂಬತ್ತಾರು ಪ್ಯಾಂಟು, ನೂರ ಎಪ್ಪತ್ತೆರಡು ಕಾಲು,
ಮೇಲೆ ಎರಡು ಡಾಲರ್ ಚಿಲ್ಲರೆ ಉಳಿಯುತ್ತದೆ.
ಕಣ್ಣುಮುಚ್ಚಿ ಕಾರ್ಡು ಕೊಟ್ಟೆ.

ಮೂರು ವಾರ ಕಳೆದು ಸೆಟ್ ಬಂತು. ಗುರುವಾರ, ನಾಲ್ಕನೇ ಹೋಲ್.
ಟಪ್. ಎಳೆ ಸೌತೆಕಾಯಿ ಮುರಿದ ಸದ್ದು.
ಚೇಳಿಲ್ಲ.
ಚೆಂಡು ನೇರ ಹೋಯಿತು, ನಾನು ನಿಂತ ನೇರಕ್ಕೆ,
ಅಂದರೆ ಬಲಕ್ಕೆ.
ಎಡದ ಅಂಜಿಕೆಗೆ ಬಲಕ್ಕೆ ತಿರುಗಿ ನಿಂತೂ ನಿಂತೂ
ಪಾದಗಳು ಅತ್ತಲೇ ಬೇರು ಬಿಟ್ಟಿದ್ದವು.
ಡೊಂಕು ಕೋಲಿನ ಅಳತೆಗೆ ನನ್ನನ್ನೇ
ಹೊಲಿದುಕೊಂಡಿದ್ದೆ, ಒಳಹೊಲಿಗೆ, ದಾರ ಕಾಣದಂತೆ.
ಗಿಡವಾಗಿ ಬಗ್ಗಿದ್ದೂ ಮರವಾದ ಮೇಲೆ ನೆಟ್ಟಗಾಗುವುದಿಲ್ಲವೇನೋ,
ಅಥವಾ ಆಗುತ್ತದೋ, ಇನ್ನೊಂದು ಚಳಿಗಾಲ ಬೇಕು.

ಬಲಗಡೆಯ ಮರಗಳೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು.
ಒಳಗೆ ವಾಟಲ್ ಹೂಬಿಟ್ಟಿತ್ತು, ಅರಿಸಿನ ಚೆಲ್ಲಿದ ಹಾಗೆ,
ನೆಲದಲ್ಲಿ ಯಾರ್‍ಯಾರದೋ ಹಳೇ ಚೆಂಡುಗಳು.
ಕೊಂಬೆ ಸರಿಸುತ್ತ ಹಿಂದೆಯೇ ಬಂದ ಗ್ಲೆನಿಸ್
ಚೆಂಡು ಹುಡುಕುವುದು ಬಿಟ್ಟು ಸುಮ್ಮನೆ ನಿಂತಳು.
"ಮರ್ವಿನ್ ಯಾವಾಗಲೂ ಇಲ್ಲೇ ಇರುತ್ತಿದ್ದ" ಅಂದಳು.