ಸೆಕೆಂಡ್ ಹ್ಯಾಂಡ್

ಸೂಪರ್ ಮಾರ್ಕೆಟಿನ ಓಣಿಯಾಗ ಗಡಿಯಾರ ರಿಪೇರಿ ಅಂಗಡಿ,
ಅದರ ಮ್ಯಾಲಿನ ಅಟ್ಟಕ್ಕ ಹದಿನಾಕು ಮೆಟ್ಟಲು
ಹತ್ತಿ ಬಂದೀನಿ, ಜೇವರ್ಗಿಯಿಂದ.
ಬನಿಯನ್ ಕಿಸೆದಾಗ ಹತ್ತೊಂಬತ್ತು ಸಾವಿರ,
ಬೆವರಿಗಿ ನೋಟು ಒಂದಕ್ಕೊಂದು ಅಂಟಿಕೊಂಡಾವ.

ಇಫ್ತೆಖಾರ ಗಾಜಿನ ಮ್ಯಾಲ ಮೂರು ಕ್ಯಾಮೆರಾ ಸಾಲಾಗಿಟ್ಟ.
"ಯಾತಕ್ಕ ಬೇಕ್ರಿ? ಮದಿವಿ? ಹಕ್ಕಿ? ಯೂಟ್ಯೂಬ್?"
ನಾ ಸುಮ್ಮನಿದ್ದೆ.
"ಹೊಸಾದು ಒಯ್ರಿ, ಕಂತಿನ ಮ್ಯಾಲ ಕೊಡಸ್ತೀನಿ.
ಸೆಕೆಂಡಿಗಿ ಐದು ಫೋಟೊ ಹೊಡಿತದ,
ಓಡೋ ಚಿಗರಿನೂ ಹಿಡಿತದ."
ನಮ್ಮವರು ಓಡಂಗಿಲ್ಲ, ಅಂದೆ.

ಹನ್ನೊಂದು ವರ್ಷ ಆತು, ಮಾಲಕರ ಕ್ಯಾಮೆರಾ ಹೊತ್ತು
ನಾ ಹೋಗೋದು ಸತ್ತವರ ಮನಿಗಿ.
ಮದಿವಿಗಿ ಮಾಲಕರೇ ಹೋಗ್ತಾರ, ಅಲ್ಲಿ ಊಟ ಅದ.
ನಂಗ ನಸುಕಿನ್ಯಾಗ ಫೋನ್ ಬರ್ತದ:
ಲಗೂನ ಬಾ, ಕೂಡಿಸೀವಿ.
ಗ್ವಾಡಿಗಿ ಆನಿಸಿ, ಹಣಿತುಂಬ ಇಬತ್ತಿ ಬಳದು,
ಗಲ್ಲಕ್ಕ ಬಿಳಿ ಅರಿವಿ ಕಟ್ಟಿ ಕೂಡಿಸಿರ್ತಾರ.
ಮೊಮ್ಮಕ್ಕಳನ್ನ ಎಡಕ ಬಲಕ ಎಳದು ನಿಲ್ಲಸ್ತಾರ.
ಅರಿವಿ ಕಾಣದಂಗ ತಗಿಯಪ್ಪಾ, ಅಂತಾರ.
ಸ್ಟುಡಿಯೊಕ್ಕ ಬಂದು ಕಂಪ್ಯೂಟರದಾಗ ಕಣ್ಣು ತೆರಸ್ತೀನಿ.
ಒಂದ್ಸಲ ಅವಸರದಾಗ
ತಮ್ಮನ ಕಣ್ಣು ಅಣ್ಣಗ ಹಚ್ಚಿ ಕೊಟ್ಟೀನಿ.
ಥೇಟ್ ಹಿಂಗೇ ನೋಡ್ತಿದ್ದ, ಅಂತ ಮನಿಮಂದಿ ಅತ್ರು.

ಇದೆಲ್ಲಾ ಇಫ್ತೆಖಾರಗ ಹೇಳಲಿಲ್ಲ.
ಕೂತವರ ಫೋಟೊ, ಅಂದೆ. ಕತ್ತಲ ಪಡಸಾಲಿಯಾಗ.
ಫ್ಲ್ಯಾಶ್ ಹೊಡದ್ರ ಅಳೋ ಹೆಣ್ಮಕ್ಕಳು ತಿರುಗಿ ನೋಡ್ತಾರ.

ಅವ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಮೂರನೇದು ಮುಂದ ಸರಿಸಿದ.
ಹಿಡಿಕಿ ರಬ್ಬರ ಸವದದ, ಯಾರದೋ ಹೆಬ್ಬೆರಳು
ಕೂತು ಕೂತು ಅಲ್ಲೊಂದು ತಗ್ಗು ಬಿದ್ದದ.
"ಮೆಗಾಪಿಕ್ಸೆಲ್ ಎಣಿಸಬ್ಯಾಡ್ರಿ, ಲೆನ್ಸ್ ನೋಡ್ರಿ.
ಶಟರ್ ಕೌಂಟ್ ಇಪ್ಪತ್ತೆಂಟು ಸಾವಿರ,
ಲಕ್ಷದ ತನಕ ಆಯುಷ್ಯ, ಮ್ಯಾಲ ಬಂದ್ರ ಅಲ್ಲಾಹನ ದಯಾ."
ಎಷ್ಟು ಸಲ ಕಣ್ಣು ಮುಚ್ಚಿ ತೆರದೀನಿ ಅಂತ
ಲೆಕ್ಕ ಇಟ್ಟುಕೊಂಡು ಬದುಕಿದ್ದು
ಇದೊಂದೇ ನೋಡು, ಅನಿಸ್ತು.

ಲೆನ್ಸಿನ ಬಗಲಾಗ ಸಣ್ಣದೊಂದು ಗುಂಡಿ. ಇದೇನ?
"ಅಲಗಾಟ ತಡಿತದ್ರಿ."
ನಮ್ಮವರು ಅಲಗಾಡಂಗಿಲ್ಲ, ಮತ್ತ ಅಂದೆ.
"ಅವರದಲ್ರೀ. ನಿಮ್ಮ ಕೈದು."

ಕೋಳಕೂರದಾಗ ಒಂದು ಹುಡುಗಿ, ಐದು ವರ್ಷದ್ದು.
ಚಮಕಿ ಲಂಗ ತೊಡಿಸಿದ್ರು, ಎರಡೂ ಕೈತುಂಬ ಹಸರ ಬಳಿ.
ಹದಿನೇಳು ತೆಗದೆ. ಹದಿನೇಳೂ ಮಸುಕು.
ಕ್ಯಾಮೆರಾ ಹಳೇದಾತು, ಅಂದಿದ್ರು ಮಾಲಕರು.
ನಾನೂ ಇಲ್ಲಿತನಕ ಅದಕ್ಕೇ ಬೈಕೋತ ಬಂದೀನಿ.

ಇಪ್ಪತ್ತೊಂದೂವರಿ, ಅಂದ. ಹದಿನೆಂಟು, ಅಂದೆ.
ಲೆನ್ಸಿನ ಮುಚ್ಚಳಿಲ್ಲ, ತೋರಿಸಿದೆ.
ಕೊರಳಪಟ್ಟಿ ಮ್ಯಾಲ ಬ್ಯಾರೆ ಕಂಪನಿ ಹೆಸರು, ಅದನ್ನೂ ತೋರಿಸಿದೆ.
ಹದಿನೆಂಟೂ ಎಂಟುನೂರಕ್ಕ ಕೈ ಕೈ ಕೂಡಿತು.
ಉಳದ ಎರಡುನೂರರಾಗ ಬಸ್ಸು,
ಮನಿಯಾಗ ನಿಂಗವ್ವ ಹೇಳಿದ ಗುಳಿಗಿ.

"ಒಂದು ಹೊಡದು ನೋಡ್ರಲಾ."
ಯಾರದು?
ಅಷ್ಟರಾಗ ಚಾ ತಗೊಂಡು ಅಂಬ್ರೇಶ ಮೆಟ್ಟಲ ಏರಿದ,
ತಂತಿ ಬುಟ್ಟಿಯಾಗ ಆರು ಗ್ಲಾಸು.
"ಅಣ್ಣಾ ನಂದು, ನಂದು" ಅಂತ
ಒಂಟಿಗಾಲಿನ ಮ್ಯಾಲ ನಿಂತ, ಹಲ್ಲು ಬಿಟ್ಟ, ಕುಣದ.
ಅಲಗಬ್ಯಾಡೋ, ಅಂದೆ.
ಹನ್ನೊಂದು ವರ್ಷದಾಗ ಈ ಮಾತು
ಯಾರಿಗೂ ಅಂದಿರಲಿಲ್ಲ ನಾ.

ಗುಂಡಿ ಒತ್ತಿದೆ.
ಹಿಂದಿನ ಮೆಟ್ಟಲು, ಗ್ವಾಡಿ, ಗ್ಲಾಸಿನ ಅಂಚು ಸುದ್ದಾ ಸಾಫ್.
ಹುಡುಗ ಮಾತ್ರ ಉದ್ದಕ ಎಳದ ಬಣ್ಣ.
ಅದು ನನ್ನ ಕೈ ಹಿಡಿತು,
ಅವನ ಕಾಲು ಹಿಡೀಲಿಲ್ಲ.

"ಅಳಸಲೇನ್ರಿ?"

ಬಸ್ಸಿಗಿ ಇನ್ನ ಹೊತ್ತಿತ್ತು.
ಮತ್ತೊಂದು ತೆಗದೆ.
ಅವ ಮತ್ತ ಅಲಗಿದ.