ಎರಡು ತೂತು

ಹನ್ನೊಂದು ಸಲ ಕಟ್ಟಿ ಹನ್ನೊಂದು ಸಲ ಬಿಚ್ಚಿದೆವು
ಹತ್ತು ಅಡಿಗೆ ಹನ್ನೆರಡರ ಆ ಮನೆಯನ್ನು,
ಕಪನೂರಿನ ಶೆಡ್ಡಿನೊಳಗೆ, ಏಪ್ರಿಲ್ಲಿನ ಉರಿಯಲ್ಲಿ.
ಪಾನಾ ಕೈ ಸುಡುತ್ತಿತ್ತು;
ವೆಲ್ಡರ್ ಮೌನೇಶ ಹಸಿ ಅರಿವೆ ಸುತ್ತಿ ಹಿಡಿದಿದ್ದ.

ಹದಿನಾಲ್ಕು ಹಲಗೆ, ಅರವತ್ತನಾಲ್ಕು ಬೋಲ್ಟು,
ಎಲ್ಲಕ್ಕೂ ಒಂದೇ ಅಳತೆಯ ಪಾನಾ.
ಕತ್ತಲಲ್ಲಿ, ಅಳುತ್ತ ಇರುವವರೂ
ತಪ್ಪದೆ ತಿರುವಬೇಕು, ಅದು ನನ್ನ ಹಟ.
ಹಲಗೆ ಎಷ್ಟು ತೂಗಬೇಕೆಂದು
ಪುಸ್ತಕ ತೆರೆಯಲಿಲ್ಲ;
ಅವ್ವ, ಪಕ್ಕದ ಮನೆಯ ಖಾಸಿಂಬಿ,
ಇಬ್ಬರೂ ಸೇರಿ ಜೋಳದ ಚೀಲ
ಅಟ್ಟಕ್ಕೇರಿಸುವುದನ್ನು ನೋಡಿದೆ.

ಎರಿ ಮಣ್ಣು ನಂಬುವಂಥದ್ದಲ್ಲ.
ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ.
ಅದಕ್ಕೇ ಆರೂ ಕಾಲಿಗೆ ತಿರುಪು,
ತಿರುಪಿನಡಿ ಒಂದೊಂದು ತುಂಡು ಶಹಾಬಾದಿ ಫರಸಿ.
ಇದನ್ನು ಕಲಿಸಿದ್ದು ಐದನೇ ಸಲ
ಕುಡಿದವನಂತೆ ವಾಲಿ ನಿಂತ ಮನೆ.

ಅರ್ಜಿಯಲ್ಲಿ ಒಂದು ಖಾನೆಯಿತ್ತು: ಆಯುಷ್ಯ.
ಹದಿನೆಂಟು ತಿಂಗಳು ಎಂದು ಬರೆದು
ಪೆನ್ನಿನ ಟೋಪಿ ಹಾಕದೆ ಕೂತೆ.
ಎದುರಿಗೆ ಕಿಡಿ ಹಾರಿಸುತ್ತಿದ್ದವನು
ಹಿಂದಿನದೊಂದು ನೆರೆಯ ‘ತಾತ್ಕಾಲಿಕ’ ತಗಡಿನ ಸಾಲಿನಲ್ಲಿ ಹುಟ್ಟಿದವನು.
ಮೌನೇಶನಿಗೆ ಈಗ ಹತ್ತೊಂಬತ್ತು.

ಹೊಳೆ ಬಂತು. ನಮ್ಮಲ್ಲಿ ಮಳೆಯೇ ಇರಲಿಲ್ಲ.
ಮೇಲೆಲ್ಲೋ ಗೇಟು ಎತ್ತಿದ್ದರು,
ಯಾದಗಿರಿ ಕಡೆ ಹಪ್ಪಳ ಒಣಗುವಂಥ ಬಿಸಿಲು.
ಆ ಬಿಸಿಲಿನಲ್ಲೇ ಬನ್ನಿಗುಂಡ ಮುಳುಗಿತು,
ಕೊಡ, ತೊಟ್ಟಿಲು, ತೊಗರಿ,
ಎಲ್ಲ ಥಳಥಳ ಹೊಳೆಯುತ್ತ ತೇಲಿದವು.

ದಿಬ್ಬದ ಮೇಲಿನ ಶಾಲೆಯ ಬಯಲಿನಲ್ಲಿ
ಮೊದಲ ಮನೆ ಎದ್ದು ನಿಂತದ್ದು
ಒಂದು ತಾಸು ಐವತ್ತು ನಿಮಿಷಕ್ಕೆ.
ನಾನು ಗಡಿಯಾರ ನೋಡಿಕೊಂಡೆ.
ದೇವಕ್ಕೆಮ್ಮ ಮನೆ ನೋಡಿದಳು, ಎರಡು ಸುತ್ತು ಹಾಕಿ,
ಗೋಡೆಗೆ ಬೆರಳು ಬಡಿದು.
“ಒಲಿ ಹೊರಗ ಹೂಡ್ತೀನಿ. ತೊಗರಿ ಕಟ್ಟಿಗಿ ಉರಿ
ನೀ ನೋಡಿಲ್ಲ ಕಾಣ್ತದ, ಎದಿಮಟ ಏಳ್ತದ.
ನಿನ್ನ ಗೋಡಿ ಬೆಣ್ಣಿ ಆಗ್ತದ ಮಗಳ.”
ಬರೆದುಕೊಂಡೆ.

ಆಮೇಲೆ ಸೆರಗಿನ ಗಂಟಿನಿಂದ ತೆಗೆದಳು
ಒಂದು ಚಿಲಕ, ನಾಲ್ಕು ಕೊಂಡಿಯ ಸರಪಳಿ,
ಮಣ್ಣು ಇನ್ನೂ ಹಸಿ.
“ಎಲ್ಲಾರೂ ದನಾ ಬಿಚ್ಚಿದ್ರು, ನಾ ಇದನ್ನ ಕಿತ್ತೀನಿ.
ಬಾಗಿಲಕ್ಕ ಹಚ್ಚಿ ಕೊಡು.”

ನನ್ನ ಬಾಗಿಲಿಗೆ ಅಯಸ್ಕಾಂತವಿತ್ತು,
ಬೆರಳು ತಾಗಿದರೆ ಸಾಕು, ತಾನೇ ಕೂಡುವಂಥದ್ದು.
ಅದಕ್ಕೊಂದು ಬಹುಮಾನವೂ ಬಂದಿತ್ತು.
“ಛಂದ ಅದ,” ಅಂದಳು. “ಖರೆ ಸಪ್ಪಳಾನೇ ಇಲ್ಲ.
ಯಾರು ಬಂದ್ರು, ಯಾರು ಹೋದ್ರು,
ಮಕ್ಕೊಂಡಾಕಿಗಿ ಹ್ಯಾಂಗ ತಿಳೀಬೇಕು?”

ಹಲಗೆಗೆ ಎಲ್ಲಿಯೂ ತೂತು ಬೀಳಕೂಡದು,
ನೀರು ಇಳಿದರೆ ಗ್ಯಾರಂಟಿ ಇಲ್ಲ:
ಹೀಗೆಂದು ಬರೆದವಳು ನಾನೇ, ದಪ್ಪ ಅಕ್ಷರದಲ್ಲಿ.
ಮೌನೇಶ ನನ್ನ ಮುಖ ನೋಡಲಿಲ್ಲ.
ಮೊಳೆ ಇಟ್ಟ, ಕಲ್ಲಿನಿಂದ ಬಡಿದ.
ಮೊದಲನೆಯದು ಸೊಟ್ಟ ಬಿತ್ತು.
ಎರಡನೆಯದು ನೆಟ್ಟಗೆ.

ರಾತ್ರಿ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಮಲಗಿದ್ದೆ.
ಕಪ್ಪೆಗಳ ನಡುವೆ ಒಮ್ಮೆ ಕೇಳಿತು,
ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು.
ಯಾರೋ ಒಳಗೆ ಹೋದರು.

ಈಗ ಪ್ರತಿ ಬಾಗಿಲ ಹಲಗೆಗೂ
ಶೆಡ್ಡಿನಲ್ಲೇ ಎರಡು ತೂತು ಕೊರೆಯುತ್ತೇವೆ,
ಅಂಚಿಗೆ ರಬ್ಬರು ಕೂಡಿಸಿ.
ನಕ್ಷೆಯಲ್ಲಿ ಅವಕ್ಕೆ ನಂಬರಿಲ್ಲ.
ತಪಾಸಣೆಗೆ ಬಂದ ಸಾಹೇಬರು ಬೆರಳಿಟ್ಟು ಕೇಳಿದರು,
“ಇವುಗಳ ಬೋಲ್ಟು ಎಲ್ಲಿ?”
“ಅದು ಅವರ ಹಂತೇಕ ಇರ್ತದ ಸರ್,” ಅಂದ ಮೌನೇಶ,
ಮುಖಗವಚ ಮೇಲೆತ್ತದೆ.

ಎಲ್ಲರ ಹತ್ತಿರವೂ ಇರುವುದಿಲ್ಲ.
ಅಂಥ ಮನೆಗಳಲ್ಲಿ ಬೆಳಿಗ್ಗೆ
ಎರಡು ಕಾಸಿನಗಲ ಬಿಸಿಲು ನೆಲಕ್ಕೆ ಬೀಳುತ್ತದೆ,
ಮತ್ತೆ ತಟ್ಟನೆ ಆರುತ್ತದೆ:
ಹುಡುಗರು ತೂತಿಗೆ ಕಣ್ಣು ಹಚ್ಚಿ
ಹೊಳೆ ಎಲ್ಲಿಗೆ ಬಂತು ನೋಡುತ್ತಿರುತ್ತಾರೆ.