ರನ್ನಿನ ಲೆಕ್ಕ, ಬೀರೂರು ಜಂಕ್ಷನ್

ಕಾಯಿ ಮೂಟೆ, ವೀಳ್ಯದೆಲೆ ಪೆಂಡಿ,
ತರೀಕೆರೆಗೆ ಹೋದ ಸೀಮೆಎಣ್ಣೆ ಡಬ್ಬ,
ಇವೆಲ್ಲ ಪುಸ್ತಕದ ಮುಂದಿನ ಹಾಳೆ.
ಹಿಂದಿನಿಂದ ತಿರುವಿದರೆ ರನ್ನು.
ಕಂಪನಿಯ ಕಾಗದ, ಕಂಪನಿಯ ಮಸಿ.
ಸ್ಟೇಷನ್ ಮಾಸ್ತರರು ನೋಡಿಯೂ ನೋಡಲಿಲ್ಲ:
ಮೊದಲ ಸಾಲಿನಲ್ಲಿ ಅವರದೇ ಹೆಸರು,
ಎದುರಿಗೆ ಸೊನ್ನೆ.

ಹನ್ನೆರಡನೇ ಇಸವಿ. ಸಂಕ್ರಾಂತಿಯಿಂದ ಯುಗಾದಿಗೆ
ಏಳು ಆಟ. ಗೆದ್ದದ್ದು ಎರಡು;
ಅದರಲ್ಲೊಂದು, ಕಡೂರು ಕಚೇರಿಯವರ ಗಾಡಿ
ದಾರಿಯಲ್ಲಿ ಮಗುಚಿದ್ದಕ್ಕೆ.

ನನ್ನದು ಸೊಟ್ಟ ಕಾಲು.
ಓಡಲಾರದವನ ಕೈಗೆ ಪೆನ್ಸಿಲು ಕೊಡುತ್ತಾರೆ.
ಹುಣಸೆಮರದಡಿ ಮೂಟೆಯ ಮೇಲೆ ಕೂತು
ಉಳಿದವರ ಓಟವನ್ನು ಕಟ್ಟಿಡುತ್ತಿದ್ದೆ,
ನಾಲ್ಕು ನಿಂತ ಗೀಟು, ಅಡ್ಡಕ್ಕೊಂದು,
ಸೌದೆ ಹೊರೆಯ ಹಾಗೆ.

ಶಿವಮೊಗ್ಗದ ಹುಡುಗರ ಎದುರು ಡ್ರೈವರ್ ರೊಸಾರಿಯೊ,
ರಾತ್ರಿಯಿಡೀ ಬಾಯ್ಲರಿನ ಮುಂದೆ ಬೆಂದವನು,
ನಿದ್ದೆಗಣ್ಣಲ್ಲೇ ಬೀಸಿದ.
ಚೆಂಡು ಬೇಲಿ ದಾಟಿತು, ಸಿಗ್ನಲ್ ತಂತಿ ದಾಟಿತು,
ಹೊರಟಿದ್ದ ಗೂಡ್ಸಿನ ತೆರೆದ ವ್ಯಾಗನ್ನಿಗೆ ಬಿತ್ತು.
ರೈಲು ಕೂಗಿತು. ಹೋಯಿತು.
ಓಡು, ಓಡು, ಚೆಂಡು ಬರುವ ತನಕ ರನ್ನೇ!
ಹದಿನೇಳು ಓಡಿ, ಹದಿನೆಂಟನೆಯದಕ್ಕೆ
ಪಿಚ್ಚಿನ ನಡುವೆ ಕೂತುಬಿಟ್ಟ.
ಅಂಪೈರು ಮಿಷನ್ ಶಾಲೆಯ ಮೇಷ್ಟ್ರು.
ಪೇಟ ತೆಗೆದು ತಲೆ ಕೆರೆದು, ಆರು, ಎಂದರು.
ಆರು ಬರೆದೆ.
ಹನ್ನೊಂದು ಇವತ್ತಿಗೂ ಎಲ್ಲೋ ಬಾಕಿ ಇದೆ.
ಮೂರನೇ ದಿನ ಅಜ್ಜಂಪುರದಿಂದ ಪಾರ್ಸಲು:
ಚರ್ಮದ ಸಾಮಾನು, ಒಂದು. ಬಾಡಿಗೆ ಎರಡಾಣೆ.
ಅದು ಮುಂದಿನ ಹಾಳೆಯಲ್ಲಿದೆ.

ಆಮೇಲೆ ಇಲಿ ಬಿದ್ದವು.
ಊರು ಬೀಗ ಹಾಕಿಕೊಂಡು ಬಂದು
ನಮ್ಮ ಮೈದಾನದಲ್ಲೇ ತಡಿಕೆ ಕಟ್ಟಿತು.
ವಿಕೆಟ್ಟು ನೆಡುತ್ತಿದ್ದ ಜಾಗದಲ್ಲಿ ಯಾರದೋ ಒಲೆ.
ಮುಂದಿನ ಆಟದ ಪಟ್ಟಿಯನ್ನು ಮೊದಲೇ ಬರೆದಿಟ್ಟಿದ್ದೆ.
ಪಾಯಿಂಟ್ಸ್‌ಮನ್ ಮದಾರ್ ಸಾಬಿ ಅಂತ ಇದೆ.
ಎದುರಿಗೆ ಗೀಟಿಲ್ಲ,
ಸೊನ್ನೆಯೂ ಇಲ್ಲ.

ಕಾಫಿ ತೋಟದ ದೊರೆಗಳು ಚಿಕ್ಕಮಗಳೂರಿಂದ
ಕುದುರೆಯ ಮೇಲೆ ಬಂದಾಗ ನಾವು ಸರಿಯಾಗಿ ಹನ್ನೊಂದು.
ನಡುವೆ ಮೇಲ್ ಬಂತು. ಮಾಸ್ತರರು ಆಟ ಬಿಟ್ಟು
ಹಸಿರು ಬಾವುಟ ಹಿಡಿದು ಓಡಿದರು.
ಅವರ ಜಾಗಕ್ಕೆ ಯಾರು?
ಕಲ್ಲಿದ್ದಲು ಇಳಿಸುವ ದುರುಗ, ಮೋರಿಗೆ ಬಿದ್ದ ಚೆಂಡನ್ನು
ಇಡೀ ಸೀಜನ್ ಹೆಕ್ಕಿ ಎಸೆದವನು.
ಅವನೆಸೆದದ್ದು ಒಂದು ಪುಟ ಬಿದ್ದ ಮೇಲೆಯೇ
ನಮ್ಮವರು ಹಿಡಿಯುತ್ತಿದ್ದರು;
ಮಣ್ಣು ಸೋಕಿದರೆ ಮೈಲಿಗೆ ಹೋಯಿತೆಂಬ ಲೆಕ್ಕ.
ಹೊಲಿಗೆ ಬಿಟ್ಟಾಗ ಅದೇ ಚೆಂಡನ್ನು
ಹೊಲಿದುಕೊಟ್ಟವನು ಅವನ ಸೋದರಮಾವ.
ಅದು ಯಾವ ಲೆಕ್ಕದಲ್ಲೂ ಇರಲಿಲ್ಲ.

ಕೊನೆಯ ದೊರೆ ಹೊಡೆದ.
ಚೆಂಡು ಮೇಲಕ್ಕೆ, ಹದ್ದು ಸುತ್ತುವಷ್ಟು ಮೇಲಕ್ಕೆ.
ದುರುಗ ಹಿಂದೆ ಹೋದ, ಇನ್ನೂ ಹಿಂದೆ,
ಕಲ್ಲಿದ್ದಲ ರಾಶಿ ಬೆನ್ನಿಗೆ ತಾಗುವ ತನಕ.
ಒಂದೇ ಕೈ.

ನಾಲ್ಕು ರನ್ನಿನಿಂದ ಗೆದ್ದೆವು.
ಕೂಗುತ್ತ ಅವನತ್ತ ಓಡಿದ ನಮ್ಮವರೆಲ್ಲ
ಎರಡು ಮಾರು ಈಚೆಗೇ ನಿಂತರು.
ಅವನೂ ನಿಂತ,
ಚೆಂಡನ್ನು ಯಾರ ಕೈಗೆ ಕೊಡಬೇಕು ತಿಳಿಯದೆ.
ಆಮೇಲೆ ಮೆಲ್ಲಗೆ ಉರುಳಿಸಿದ.
ಅದು ನನ್ನ ಸೊಟ್ಟ ಕಾಲಿಗೆ ಬಂದು ತಾಗಿತು.
ಎತ್ತಿಕೊಂಡು, ಹಾಳೆ ಹಾರದಂತೆ,
ಪುಸ್ತಕದ ಮೇಲಿಟ್ಟೆ.

ಏನು ಬರೆಯಲಿ ಎಂದು ಮೇಷ್ಟ್ರನ್ನು ಕೇಳಿದೆ.
ಬದಲಿಗೆ ಬಂದವನ ಹೆಸರು ಬರೆಯುವುದಿಲ್ಲ, ಎಂದರು;
ಸೀಮೆಯಲ್ಲೂ ಅದೇ ನಿಯಮ.
ಬರೆದೆ: ಹಿಡಿದವ, ಬದಲಿ.
ನಿಯಮ ಸರಿಯಾಗಿಯೇ ಇತ್ತು.
ಎಷ್ಟು ಹಗುರವಾಯಿತು ನನಗೆ ಆಗ.

ಪೆನ್ಷನ್ನಾಗಿ ಎಂಟು ವರ್ಷ. ಪುಸ್ತಕ ನನ್ನಲ್ಲೇ ಇದೆ.
ಚೆಂಡು ಕೂತ ಕಡೆ ಕಪ್ಪು ಕಲೆ,
ಕಣ್ಣು ಮಸುಕಾದರೂ ಕಾಣುತ್ತದೆ.
ಮೊನ್ನೆ ತಿದ್ದಲು ಕೂತೆ.
ಕಂಪನಿ ಪುಸ್ತಕದಲ್ಲಿ ತಿದ್ದಿದರೆ ರುಜು ಬೇಕು.
ಮೊದಲು ರುಜು ಹಾಕಿದೆ, ತಾರೀಖು ಹಾಕಿದೆ,
'ಬದಲಿ'ಯ ಮೇಲೆ ಗೀಟೆಳೆದೆ.
ದುರುಗ ಎಂದು ಬರೆಯಲೇ, ದುರುಗಪ್ಪ ಎಂದೇ?
ತಂದೆಯ ಹೆಸರು?
ಕೇಳಿಯೇ ಇರಲಿಲ್ಲ.